ಬಿಸಿಲಿನ ಮಾತಿಗೆ ಮುನಿದ ತಮ್ಮ

ಮೇಲೆ ತಗಡಿನ ಚಾವಣಿ, ಕೆಳಗೆ ಹೊಲಿಗೆ ಯಂತ್ರ, ನಡುವೆ ಟೈಲರಕ್ಕ. ಬೇಸಿಗೆ ಬಂತೆಂದರೆ ಮಹಡಿಯ ಆ ಒಂಟಿ ಕೋಣೆ ಕಾದ ಕಾವಲಿ. ಮಧ್ಯಾಹ್ನ ಕತ್ತರಿ ಹಿಡಿದರೂ ಕೈ ಚುರ್ ಎನ್ನುತ್ತದೆ. ಅದನ್ನಾದರೂ ಅಕ್ಕ ಸಹಿಸಿಯಾಳು. ಆದರೆ ಭಾನುವಾರ ತಪ್ಪದೆ ಊಟಕ್ಕೆ ಬರುತ್ತಿದ್ದ ತಮ್ಮ ಬರುವುದನ್ನೇ ಬಿಟ್ಟಿದ್ದ. ಅಕ್ಕನಿಗೆ ತನ್ನವನೆಂದು ಇದ್ದವನು ಅವನೊಬ್ಬನೇ.

ಆದದ್ದಿಷ್ಟು. ಭೂಮಿ ಬಿಸಿಯಾಗುತ್ತಿದೆ ಎಂದು ರೇಡಿಯೋದಲ್ಲಿ ಕೇಳಿದ್ದ ಅಕ್ಕ, ಬಡಿಸುತ್ತಾ ಬೆವರು ಒರೆಸಿಕೊಂಡು, "ಇದೆಲ್ಲ ನಿನ್ನ ಲಾರಿ ಹೊಗೆಯ ಪ್ರತಾಪ ಕಣೋ" ಎಂದುಬಿಟ್ಟಳು. ಲಾರಿಯೇ ಅವನ ಬದುಕು. ಅಜ್ಜನ ಕಾಲದಲ್ಲೂ ಸೆಖೆ ಇತ್ತು, ಇದೆಲ್ಲ ಬರೀ ಬೊಗಳೆ, ವಿಮಾನದಲ್ಲಿ ತಿರುಗುವವರನ್ನು ಬಿಟ್ಟು ನಾನೇ ಸಿಕ್ಕಿದೆನಾ ಎಂದು ಕೈ ತೊಳೆದು ಎದ್ದುಹೋದ.

ಅಂದಿನಿಂದ ಅಕ್ಕನ ಮಾತೆಲ್ಲ ಯಂತ್ರದ ಜೊತೆ. ಅದು ಟಕಟಕ ಎನ್ನುತ್ತದೆ, ಎದುರಾಡುವುದಿಲ್ಲ.

ಒಂದು ದಿನ ಬಿಪಿ ನೋಡಲು ಬಂದ ನರ್ಸಮ್ಮನ ಮುಂದೆ ಎಲ್ಲ ತೋಡಿಕೊಂಡಳು. ಅವರು ತನ್ನ ಪರ ವಹಿಸುತ್ತಾರೆಂದು ಕಾದರೆ, ತಮ್ಮ ಹೇಳಿದ್ದರಲ್ಲಿ ನಿಜ ಎಷ್ಟು ಎಂದು ಅವರು ಕೇಳಬೇಕೇ? ಅಕ್ಕನ ಮುಖ ಸಣ್ಣಗಾಯಿತು.

"ಅಜ್ಜನ ಕಾಲದಲ್ಲೂ ಸೆಖೆ ಇತ್ತು, ನಿಜ ಅಕ್ಕಾ. ಒಂದು ಬೇಸಿಗೆ ನೋಡಿ ಏನೂ ಹೇಳೋಕಾಗಲ್ಲ. ಒಂದೇ ಸಲ ಬಿಪಿ ನೋಡಿ ನಿಮಗೆ ಮಾತ್ರೆ ಕೊಟ್ರಾ? ಆದ್ರೆ ನೆಲ, ಸಮುದ್ರ ಎಲ್ಲಾ ಕಡೆ ವರ್ಷಾನುಗಟ್ಟಲೆ ಅಳೆದಿದ್ದಾರೆ. ಬಿಸಿ ಏರ್ತಾನೇ ಇದೆ. ಕಲ್ಲಿದ್ದಲು, ಎಣ್ಣೆ, ಗ್ಯಾಸು ಸುಡೋದೇ ಮುಖ್ಯ ಕಾರಣ. ಅಲ್ಲಿ ನಿಮ್ಮ ಮಾತು ಗಟ್ಟಿ."

"ಮತ್ತೆ ಅವನದ್ದು?"

"ವಿಮಾನದ ಮಾತು ನ್ಯಾಯದ ಮಾತೇ. ಯಾರು ಎಷ್ಟು ಹೊಗೆ ಕಡಿಮೆ ಮಾಡ್ಬೇಕು, ಯಾರ ಹೊಟ್ಟೆಪಾಡಿಗೆ ಏನು ದಾರಿ, ಕೇಳಲೇಬೇಕು. ಬಿಸಿ ಏರ್ತಿದೆಯಾ ಅನ್ನೋದು ಒಂದು, ಅದಕ್ಕೇನು ಮಾಡೋಣ ಅನ್ನೋದು ಇನ್ನೊಂದು. ನೀವಿಬ್ರೂ ಎರಡನ್ನೂ ಸೇರಿಸಿ ಹೊಲಿದುಬಿಟ್ಟಿದ್ದೀರಿ."

ಸಂಜೆ ಅಕ್ಕ ಲಾರಿಗಳು ನಿಲ್ಲುವ ಜಾಗಕ್ಕೆ ಹೋದಳು. ಟೈರಿನ ಗಾಳಿ ನೋಡುತ್ತಿದ್ದ ತಮ್ಮ ತಲೆ ಎತ್ತಲಿಲ್ಲ. ಎಲ್ಲವನ್ನೂ ನಿನ್ನ ತಲೆಗೆ ಕಟ್ಟಿದ್ದು ತಪ್ಪಾಯಿತು ಎಂದಳು. ಆಮೇಲೆ ನರ್ಸಮ್ಮ ಬಿಡಿಸಿ ಹೇಳಿದ್ದನ್ನು ಒಂದೊಂದಾಗಿ ಹೇಳಿದಳು. ಅವನು ಕೈ ಒರೆಸಿಕೊಂಡು ಎದ್ದು ನಿಂತ.

"ಬಿಸಿ ಏರಿದೆ ಅಂತ ನಂಗೂ ಗೊತ್ತಾಗುತ್ತೆ ಅಕ್ಕ. ಹೌದು ಅಂದ್ರೆ, ಹಾಗಾದ್ರೆ ಲಾರಿ ಇಳಿ ಅಂತೀರೇನೋ ಅಂತ ಭಯ. ಇಳಿದು ಎಲ್ಲಿಗೆ ಹೋಗ್ಲಿ?"

"ಅದನ್ನೇ ಕೇಳೋಣ ಬಾ. ಊರ ಸಭೆ ಸೇರ್ತದಲ್ಲ, ಇಬ್ರೂ ಹೋಗಿ ಕೇಳೋಣ."

ಬರ್ತೀನಿ ಎಂದ. ಆ ರಾತ್ರಿಯೇ ದೂರದ ಬಾಡಿಗೆ ಇತ್ತು, ಹೊರಟುಹೋದ. ಅಕ್ಕ ಒಬ್ಬಳೇ ಮೆಟ್ಟಿಲು ಹತ್ತಿ, ಕಿಟಕಿ ತೆರೆದು, ಹೆದ್ದಾರಿಯ ದೀಪಗಳಲ್ಲಿ ಅವನದು ಯಾವುದಿರಬಹುದೆಂದು ನೋಡುತ್ತ ಕೂತಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಈ ಮಾತು ಬಂದೇ ಬರುತ್ತದೆ. ಬಂದಾಗ ಯಾರ ಗಂಟಲು ದೊಡ್ಡದೆಂದು ನೋಡಬೇಡಿ. ಅಳೆದವರು ಯಾರು, ಎಷ್ಟು ಕಾಲ ಅಳೆದರು ಎಂದು ಕೇಳಿ. ಎದುರಿಗೆ ಕೂತವರಿಗೆ ಯಾತರ ಭಯ ಎಂದೂ ಒಂದು ಮಾತು ಕೇಳಿ.