ಬಿಳಿ ಗೋಡೆಯ ಕಾವಲು

ಊಟದ ಡಬ್ಬಿಯನ್ನು ಕುರ್ಚಿಯ ಕೆಳಗೆ ತಳ್ಳಿ ತಲೆ ಎತ್ತಿದವಳ ಎದೆ ಧಸಕ್ಕೆಂದಿತು. ಗೋಡೆಯ ಮೇಲೆ ಚೌಕಗಳಿರಲಿಲ್ಲ.

ಮೊದಲು ಹೊತ್ತಿನ ಮೇಲೆ ಅನುಮಾನಪಟ್ಟಳು. ಚಾವಣಿಯ ಗಾಜಿನಿಂದ ಬೆಳಕು ಓರೆಯಾಗಿ ಬಿದ್ದಾಗಲೇ ಅವು ಎದ್ದು ಕಾಣುವುದು. ಗಡಿಯಾರ ನೋಡಿದಳು. ಒಂಬತ್ತೂ ಮುಕ್ಕಾಲು, ಸರಿಯಾದ ಹೊತ್ತೇ. ಎದ್ದು ಹೋಗಿ ಗೋಡೆಗೆ ಕೆನ್ನೆ ತಾಗುವಷ್ಟು ಹತ್ತಿರ ನಿಂತು ಪಕ್ಕದಿಂದ ದಿಟ್ಟಿಸಿದಳು. ಆಸ್ಪತ್ರೆಯ ಗೋಡೆಯ ಹಾಗೆ ನುಣ್ಣಗಿತ್ತು. ಹೊಸ ಬಣ್ಣದ ವಾಸನೆ ಮೂಗಿಗೆ ಬಡಿಯಿತು.

ಆ ಕಲಾ ಸಂಗ್ರಹಾಲಯದ ಮೂರನೆಯ ಕೋಣೆಗೆ ಅವಳು ನಾಲ್ಕು ವರ್ಷದಿಂದ ಕಾವಲು. ಕಾಯಬೇಕಾದದ್ದು ಆ ಒಂದು ಗೋಡೆಯನ್ನು. ಗೋಡೆಯೇ ಚಿತ್ರ. ಬಿಳಿಯ ಮೇಲೆ ಬಿಳಿ, ಏಳು ಸಾಲು, ಸಾಲಿಗೆ ಏಳು ಚೌಕ. ಒಂದರಲ್ಲಿ ಕುಂಚದ ಗೀರು ಉದ್ದಕ್ಕೆ, ಪಕ್ಕದ್ದರಲ್ಲಿ ಅಡ್ಡಕ್ಕೆ, ಅಷ್ಟೇ. ಕೆಲಸಕ್ಕೆ ಸೇರಿದ ದಿನ ಅವಳ ಗಂಡ ಬಿದ್ದು ಬಿದ್ದು ನಕ್ಕಿದ್ದ. "ಬೋಳು ಗೋಡೆ ಕಾಯೋಕೂ ಸಂಬಳ ಕೊಡ್ತಾರೇನೆ? ಯಾರಾದ್ರೂ ಹೊತ್ಕೊಂಡು ಹೋದ್ರೆ ನಿನ್ನ ಕೇಳ್ತಾರಾ?" ಅವಳಿಗೂ ನಗು ಬಂದಿತ್ತು. ಆದರೆ ದಿನಕ್ಕೆ ಎಂಟು ಗಂಟೆ ಒಂದರ ಎದುರಿಗೇ ಕೂತರೆ ಅದು ತಾನಾಗಿ ಪರಿಚಯವಾಗುತ್ತದೆ. ಎರಡನೆಯ ತಿಂಗಳಿಗೆ ಚೌಕಗಳು ಕಂಡವು. ಎರಡನೆಯ ವರ್ಷಕ್ಕೆ ಒಂದೊಂದೂ ಬೇರೆ ಬೇರೆಯಾಗಿ ಗೊತ್ತಾದವು. ಅವಳಿಗೆ ಅದು ಇಷ್ಟವಾಗಿತ್ತು ಎಂದೇನಲ್ಲ. ಎದುರುಮನೆಯ ಕಿಟಕಿ ಗೊತ್ತಿರುವ ಹಾಗೆ ಗೊತ್ತಿತ್ತು.

ನಿನ್ನೆ ಅವಳ ವಾರದ ರಜೆ. ನಾಲ್ಕು ದಿನದಿಂದ ಒಳಗೆಲ್ಲ ಬಣ್ಣದ ಕೆಲಸ ನಡೆದಿತ್ತು. ಬಣ್ಣ ಬಳಿಯುವವನು ಅವಳ ತಮ್ಮ. ಮೇಲ್ವಿಚಾರಕನ ಕೈಕಾಲು ಹಿಡಿದು ಈ ಕೆಲಸ ಕೊಡಿಸಿದವಳು ಅವಳೇ.

ತಮ್ಮ ನಾಲ್ಕನೆಯ ಕೋಣೆಯಲ್ಲಿ ಏಣಿಯ ಮೇಲಿದ್ದ. ಅವಳನ್ನು ಕಂಡವನೇ ಹಲ್ಲು ಕಿರಿದ.

"ನೋಡಿದ್ಯಾ ಅಕ್ಕ, ನಿನ್ನ ಗೋಡೆ? ಯಾವ ಬೃಹಸ್ಪತಿ ಬಳಿದಿದ್ನೋ ಅದನ್ನ! ಎಲ್ಲಿ ನೋಡಿದ್ರೂ ಬ್ರಶ್ಶಿನ ಗೆರೆ. ಎಮರಿ ಪೇಪರ್ ಹಿಡಿದು ಉಜ್ಜಿ ಉಜ್ಜಿ ರಟ್ಟೆ ಬಿದ್ದುಹೋಯ್ತು. ಈಗ ನೋಡು, ಕನ್ನಡಿ."

"ಕೆಳಗಿಳಿ."

"ಪಕ್ಕದ ಎರಡು ಗೋಡೆಗೆ ಒಂದೇ ಕೋಟು. ಇದಕ್ಕೆ ಎರಡು ಹೊಡೆದೆ. ನೀನು ದಿನಾ ಕೂರೋ ಜಾಗ ಅಂತ."

"ಕೆಳಗಿಳಿಯೋ ಮುಂಡೇದೇ."

ಅವನು ಇಳಿದ. ಆ ಗೋಡೆಯೇ ಚಿತ್ರ ಎಂದು ಅವಳು ಪಿಸುದನಿಯಲ್ಲಿ ಹೇಳಿದಳು. ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಬಣ್ಣ ಬಳಿಯಲೆಂದು ಉಳಿದ ಕೋಣೆಗಳ ಚಿತ್ರಗಳನ್ನೆಲ್ಲ ಇಳಿಸಿ ಒಯ್ದಿದ್ದರು. ಗೋಡೆಯಲ್ಲಿ ಮೊಳೆ ಮತ್ತು ಹೆಸರಿನ ಚೀಟಿ ಮಾತ್ರ ಇದ್ದವು. ಇಲ್ಲೂ ಚೀಟಿ ಇತ್ತು, ಹಾಗಾಗಿ ಚಿತ್ರ ಒಯ್ದಿದ್ದಾರೆ ಎಂದುಕೊಂಡಿದ್ದ. ಚೀಟಿಯನ್ನು ಹುಷಾರಾಗಿ ಕಿತ್ತಿಟ್ಟು, ಬಣ್ಣ ಒಣಗಿದ ಮೇಲೆ ದಾರ ಹಿಡಿದು ನೆಟ್ಟಗೆ ಅಂಟಿಸಿದ್ದ.

"ಸಾರೇ ಹೇಳಿದ್ದು ಕಣೆ, ಮೂರನೇ ರೂಮು ಪೂರ್ತಿ ಮುಗಿಸು ಅಂತ."

"ಅವರು ಹೇಳಿಲ್ಲ ಅಂತಾರೆ. ನೀನೇನು ಬರೆಸ್ಕೊಂಡಿದೀಯಾ?"

ಅವನ ಮುಖ ಸುಣ್ಣವಾಯಿತು. "ಜೈಲಿಗೆ ಹಾಕ್ತಾರಾ ಅಕ್ಕ?"

ಅವಳಿಗೂ ಗೊತ್ತಿರಲಿಲ್ಲ. ಆ ಗೋಡೆಯನ್ನು ನೋಡಲೆಂದು ವಿಮಾನ ಹತ್ತಿ ಬರುವವರಿದ್ದರು ಎಂಬುದಷ್ಟೇ ಗೊತ್ತಿತ್ತು. ಅದನ್ನು ಬಳಿದ ಕಲಾವಿದೆಗೆ ಈಗ ಎಂಬತ್ತು ದಾಟಿದೆ. ಇವತ್ತು ಹನ್ನೊಂದಕ್ಕೆ ಬರುವವಳಿದ್ದಳು.

"ಬಾಯಿ ಮುಚ್ಕೊಂಡು ಕೆಲಸ ಮಾಡ್ತಿರು," ಎಂದಳು. "ರೋಲರ್ ನಿಲ್ಲಿಸ್ಬೇಡ. ನಿಲ್ಲಿಸಿದ್ರೆ ಅನುಮಾನ ಬರುತ್ತೆ."

ಹತ್ತೂವರೆಗೆ ಮೇಲ್ವಿಚಾರಕ ಹನ್ನೆರಡು ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದ. ಕಾವಲಿನವರೆಲ್ಲ ಅವನನ್ನು ಬೆನ್ನ ಹಿಂದೆ ಗಿಳಿಪಾಠದ ಸಾರ್ ಎನ್ನುತ್ತಿದ್ದರು. ಅವಳು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಈಗ ನೋಡುತ್ತಾನೆ, ಈಗ ಕೂಗುತ್ತಾನೆ ಎಂದು ಉಸಿರು ಹಿಡಿದಳು. ಅವನು ಗೋಡೆಗೆ ಬೆನ್ನು ಹಾಕಿ ನಿಂತು ಪಾಠ ಶುರು ಮಾಡಿದ.

"ಮೊದಲು ಚಿತ್ರದಿಂದ ಮನುಷ್ಯನನ್ನ ತೆಗೆದರು. ಆಮೇಲೆ ಮರ, ಮನೆ, ಆಕಾಶ. ಉಳಿದದ್ದು ಗೆರೆ, ಚೌಕ, ವೃತ್ತ. ಕೊನೆಗೆ ಬಣ್ಣವನ್ನೂ ಒಂದಕ್ಕೆ ಇಳಿಸಿದರು. ಇವತ್ತು ನೀವು ನೋಡೋ ಕಟ್ಟಡ, ಪುಸ್ತಕದ ಮುಖಪುಟ, ನಿಮ್ಮ ಕೈಯಲ್ಲಿರೋ ಫೋನು, ಎಲ್ಲದರ ಹಿಂದೆ ಈ ಚೌಕ ಇದೆ." ತಿರುಗದೆಯೇ ಕೈಯನ್ನು ಹಿಂದಕ್ಕೆ ಬೀಸಿದ. "ಇಲ್ಲಿ ನಲವತ್ತೊಂಬತ್ತಿವೆ. ತಾಳ್ಮೆಯಿಂದ ನೋಡಿದವರಿಗೆ ಕಾಣುತ್ತೆ."

ಹುಡುಗರು ತಾಳ್ಮೆಯಿಂದ ನೋಡಿದರು. ಒಬ್ಬಳು, "ಹೌದು ಸರ್, ನಿಧಾನಕ್ಕೆ ಕಾಣ್ತಾ ಇದೆ," ಎಂದಳು. ಉಳಿದವರೂ ತಲೆ ಆಡಿಸಿ ಬರೆದುಕೊಂಡರು. ಕಾವಲಿನವಳಿಗೆ ಹೋದ ಜೀವ ಬಂದಂತಾಗಬೇಕಿತ್ತು. ಬದಲಿಗೆ, ಇಷ್ಟು ಜನರ ನಡುವೆ ಕಣ್ಣಿರುವವಳು ತಾನೊಬ್ಬಳೇ ಎನ್ನುವುದು ಬಹಳ ಕೆಟ್ಟ ಸಂಗತಿ ಅನ್ನಿಸಿತು.

ಕಲಾವಿದೆ ಕೋಲು ಊರಿಕೊಂಡು ಬಂದಳು. ಸಣ್ಣ ದೇಹ, ದಪ್ಪ ಕನ್ನಡಕ. ಹೋದ ತಿಂಗಳು ಕಣ್ಣಿನ ಆಪರೇಷನ್ ಆಗಿತ್ತಂತೆ. "ಡಾಕ್ಟರು ಎಲ್ಲ ಸರಿಯಾಗಿದೆ ಅಂದ್ರು," ಎಂದು ಮೇಲ್ವಿಚಾರಕನಿಗೆ ಹೇಳಿದಳು. "ಅವರ ಬೋರ್ಡಿನ ಅಕ್ಷರ ಓದೋದೇನು ದೊಡ್ಡ ವಿಷಯ? ಪರೀಕ್ಷೆ ಇಲ್ಲಿದೆ ಅಂತ ಬಂದೆ."

ಹುಡುಗರು ದಾರಿ ಬಿಟ್ಟರು. ಅವಳು ಗೋಡೆಯ ಮುಂದೆ ನಿಂತಳು. ಎರಡು ಹೆಜ್ಜೆ ಬಲಕ್ಕೆ ಸರಿದಳು, ಮತ್ತೆ ಎಡಕ್ಕೆ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡಳು. ಪಕ್ಕದ ಕೋಣೆಯಲ್ಲಿ ರೋಲರಿನ ಸದ್ದು ಒಂದೇ ಸಮನೆ ನಡೆದಿತ್ತು.

"ಬೆಳಕು ಬಂದಿದೆಯಾ?"

"ಬಂದಿದೆ ಮೇಡಂ. ಚೆನ್ನಾಗಿದೆ ಇವತ್ತು," ಎಂದ ಮೇಲ್ವಿಚಾರಕ.

"ನಿಮಗೆಲ್ಲ ಕಾಣ್ತಿದೆಯಾ?"

"ಕಾಣ್ತಿದೆ ಮೇಡಂ," ಎಂದರು ಹುಡುಗರು, ಶಾಲೆಯಲ್ಲಿ ಹೇಳುವ ಹಾಗೆ.

ಮುದುಕಿ ತಡವರಿಸಿಕೊಂಡು ಹಿಂದೆ ಸರಿದಳು. ಕಾವಲಿನವಳು ಧಡಕ್ಕನೆ ಎದ್ದು ತನ್ನ ಕುರ್ಚಿ ಕೊಟ್ಟಳು. ಕೂತ ಮುದುಕಿ ಅವಳ ಮಣಿಕಟ್ಟನ್ನು ಹಿಡಿದುಕೊಂಡಳು, ಬಿಡಲಿಲ್ಲ. ಬೆರಳುಗಳು ಐಸಿನ ಹಾಗಿದ್ದವು.

"ಕುರುಡು ಅಂದ್ರೆ ಕಪ್ಪು ಅಂತ ತಿಳ್ಕೊಂಡಿದ್ದೆ ಕಣಮ್ಮ," ಎಂದಳು ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. "ಹೀಗೆ ಬೆಳ್ಳಗೆ ಬರುತ್ತೆ ಅಂತ ಗೊತ್ತಿರಲಿಲ್ಲ."

ಕಾವಲಿನವಳು ಬಾಗಿಲಿನ ಕಡೆ ನೋಡಿದಳು. ಏಣಿಯ ಕಾಲೆರಡು ಕಾಣುತ್ತಿದ್ದವು, ಅದರ ಮೇಲೆ ತಮ್ಮನ ಹರಿದ ಚಪ್ಪಲಿ. ಸುಮ್ಮನಿದ್ದರೆ ಇನ್ನು ಹತ್ತು ನಿಮಿಷಕ್ಕೆ ಮುದುಕಿ ಮನೆಗೆ ಹೋಗುತ್ತಾಳೆ. ಯಾರೂ ಏನೂ ಕೇಳುವುದಿಲ್ಲ. ಮಣಿಕಟ್ಟಿನ ಮೇಲಿನ ಹಿಡಿತ ಬಿಗಿಯಾಯಿತು.

"ನಿಮ್ಮ ಕಣ್ಣು ಸರಿಯಾಗಿದೆ ಅಮ್ಮ," ಎಂದಳು. ಅವಳ ದನಿ ಅವಳಿಗೇ ಗುರುತಾಗಲಿಲ್ಲ. "ಗೋಡೆ ಹೋಗಿದೆ."

ಮೇಲ್ವಿಚಾರಕ ತಿರುಗಿದ. "ಏನ್ ಮಾತಾಡ್ತಿದೀಯ ನೀನು?"

"ಮೇಲೆ ಬಣ್ಣ ಹೊಡೆದಿದೆ ಸಾರ್. ನಿನ್ನೆ. ಎಮರಿ ಉಜ್ಜಿ ಎರಡು ಕೋಟು."

ಅವನು ಮೊದಲ ಸಲ ಗೋಡೆಯನ್ನು ನೋಡಿದ. ಹತ್ತಿರ ಹೋಗಿ ಮೂಸಿದ. ಕಿವಿಗಳು ಕೆಂಪಾದವು. "ಯಾರು ಹೊಡೆದದ್ದು?"

ರೋಲರಿನ ಸದ್ದು ನಿಂತಿತು. ತಮ್ಮ ತಾನಾಗಿ ಬಾಗಿಲಲ್ಲಿ ಬಂದು ನಿಂತ. ಯಾರಿಗೂ ಬಣ್ಣ ತಾಗದಿರಲೆಂದು ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದಿದ್ದ.

ಮುದುಕಿ ಅವನ ಕಡೆ ತಿರುಗಿದಳು.

"ಎಷ್ಟು ಹೊತ್ತು ಹಿಡೀತು ನಿಂಗೆ?"

"ಅರ್ಧ ದಿನ ಅಮ್ಮ. ಉಜ್ಜಿದ್ದೂ ಸೇರಿ."

"ನಂಗೆ ಹನ್ನೊಂದು ತಿಂಗಳು."

ವಿದ್ಯಾರ್ಥಿಗಳು ಪುಸ್ತಕ ಮುಚ್ಚಿ ಗೋಡೆಯ ಕಡೆ ನೋಡದೆ ಒಬ್ಬರ ಹಿಂದೊಬ್ಬರು ಹೊರಗೆ ಜಾರಿದರು. ಮೇಲ್ವಿಚಾರಕ ಆಗಲೇ ಹಜಾರದಲ್ಲಿ ಫೋನು ಕಿವಿಗಿಟ್ಟುಕೊಂಡಿದ್ದ. "ಹೌದು ಸಾರ್, ಅವಳ ತಮ್ಮನೇ. ನಾನು ಹೇಳೇ ಇಲ್ಲ ಸಾರ್. ವಿಳಾಸ ಇದೆ, ಬರ್ಕೊಳ್ಳಿ." ಆಮೇಲೆ ಮನೆ ನಂಬರು, ಬೀದಿ, ಒಂದೊಂದಾಗಿ, ಗಟ್ಟಿಯಾಗಿ. ಅಕ್ಕ ತಮ್ಮ ಇಬ್ಬರೂ ಕದಲದೆ ನಿಂತು ಕೇಳಿದರು.

ಮುದುಕಿ ಮಣಿಕಟ್ಟು ಬಿಟ್ಟಳು. ತನ್ನ ಬಲಗೈಯನ್ನು ಗೋಡೆಯ ಬಿಳುಪಿಗೆ ಎದುರಾಗಿ ಎತ್ತಿ ಹಿಡಿದು ಬೆರಳು ಅಗಲಿಸಿದಳು. ಉಗುರು, ಗೆಣ್ಣು, ನರ, ಚರ್ಮದ ಮೇಲಿನ ಕಂದು ಚುಕ್ಕೆಗಳು. ಕೈಯನ್ನು ಕಣ್ಣಿನ ಹತ್ತಿರ ತಂದಳು, ದೂರ ಒಯ್ದಳು, ಮತ್ತೆ ಹತ್ತಿರ ತಂದಳು.