ಜಗ್ಗಿ ನೋಡದೆ ಬಿಟ್ಟ ಬೀಗ

ಮುರ್ಡೇಶ್ವರದ ಒಂದು ವಸತಿಗೃಹ. ಮೇಲಂತಸ್ತಿನ ಕೋಣೆ, ಕಡಲನ್ನು ತೆಂಗಿನ ಮರಗಳು ಮರೆಮಾಡಿದ ಒಂದು ಕಿಟಕಿ. ನೀಲಿ ಬಣ್ಣ ಹಕ್ಕಳೆಯೆದ್ದ ಅದರ ಕಟ್ಟೆಯ ಮೇಲೆ ಒಂದು ಚಿಟಿಕೆ ಮರಳು, ಮತ್ತು ಬಾಯಿ ತೆರೆದು ಮಲಗಿದ ನಾನು. ಉಪ್ಪುಗಾಳಿಗೆ ನನ್ನ ಹೊಳಪು ಹಸಿರಾಗಿದೆ. ನಾನೊಂದು ಹಿತ್ತಾಳೆಯ ಬೀಗ. ಗದಗಿನವರ ಬಾಯಲ್ಲಿ ಕೀಲಿ. ಯಜಮಾನರು ನನ್ನನ್ನು ಇಲ್ಲಿ ಬಿಟ್ಟು ಊರಿಗೆ ಮರಳಿ ವರ್ಷಗಳಾದವು. ತೆರೆದುಕೊಂಡೇ ಮುದಿಯಾಗುವುದು ನಮ್ಮ ಕುಲಕ್ಕೆ ಅವಮಾನ. ಆದರೂ ನನಗೆ ಬೇಸರವಿಲ್ಲ.

ಕುಲುಮೆಯಲ್ಲಿ ಹುಟ್ಟಿ, ಅರದ ಹಲ್ಲುಗಳಿಗೆ ಮೈಯೊಡ್ಡಿ ರೂಪ ಪಡೆದು, ಗದಗಿನ ಬೀಜದ ಗೋದಾಮೊಂದರ ಬಾಗಿಲು ಸೇರಿದೆ. ಅದರ ಹೊಣೆ ಫಕೀರಪ್ಪನವರದು. ಹದಿನೆಂಟು ವರ್ಷ, ಪ್ರತಿ ಸಂಜೆ, ಅವರು ನನ್ನನ್ನು ಮೂರು ಸಲ ಜಗ್ಗಿ, ನಾಲ್ಕು ಹೆಜ್ಜೆ ನಡೆದು, ಮರಳಿ ಬಂದು ಮತ್ತೊಮ್ಮೆ ಜಗ್ಗುತ್ತಿದ್ದರು. ಗೋದಾಮಿಗೆ ಹೊಸ ಷಟರ್ ಬಂದಾಗ ನನ್ನನ್ನು ಮನೆಗೆ ಕರೆತಂದರು. ಜಗ್ಗುವ ಅಭ್ಯಾಸವೂ ಜೊತೆಗೇ ಬಂತು.

ಅವರ ಹೆಂಡತಿ ಶಿವಲೀಲಾ ಕಡಲನ್ನು ಕಂಡವರಲ್ಲ. ಸೂರ್ಯ ನೀರಿನಲ್ಲಿ ಮುಳುಗುವುದನ್ನು ಇಬ್ಬರೂ ಕೂಡಿ ನೋಡೋಣವೆಂದು ಮದುವೆಯ ಹೊಸದರಲ್ಲಿ ಫಕೀರಪ್ಪನವರು ಮಾತು ಕೊಟ್ಟಿದ್ದರು. ಆ ಮಾತಿಗೆ ಇಪ್ಪತ್ತೆರಡು ತುಂಬಿದಾಗ, ಕಾಲೇಜು ಓದುವ ಮಗಳು ದಾನಮ್ಮ ಮೂವರ ಬೆನ್ನಿಗೂ ಒಂದೊಂದು ಚೀಲ ಏರಿಸಿ ಹೊರಡಿಸಿದಳು: ಕಾರವಾರ, ಗೋಕರ್ಣ, ಮುರ್ಡೇಶ್ವರ, ಊರಿಗೊಂದು ಸಂಜೆ. ಪರರ ಬೀಗವನ್ನು ನಂಬದ ಫಕೀರಪ್ಪನವರು ನನ್ನನ್ನೂ ಚೀಲಕ್ಕೆ ಹಾಕಿಕೊಂಡರು.

ಕಾರವಾರದಲ್ಲಿ ನಾನು ಕಾದದ್ದು ಎರಡು ಒದ್ದೆ ಟವೆಲು, ಒಂದು ಗಂಟು ಸಜ್ಜೆರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ. ಫಕೀರಪ್ಪನವರು ಕಡಲದಂಡೆಯಿಂದ ಏದುಸಿರು ಬಿಡುತ್ತ ಬಂದು ನನ್ನನ್ನು ಜಗ್ಗಿ ಹೋದರು. ಅಷ್ಟರಲ್ಲಿ ಸೂರ್ಯ ಮುಳುಗಿದ್ದ. ಹೆಂಡತಿ ಅಷ್ಟೂ ಹೊತ್ತು ಕಡಲಿಗೆ ಬೆನ್ನು ಹಾಕಿ ನಿಂತಿದ್ದರಂತೆ.

“ನೀನರ ತಿರುಗಿ ನೋಡಬಾರದೇನವ್ವಾ?” ಎಂದು ಕೋಣೆಗೆ ಬಂದ ಮೇಲೆ ಮಗಳು ರೇಗಿದಳು.

“ಒಬ್ಬಾಕಿನ ನೋಡಾಕ ಇಷ್ಟು ದೂರ ಬಂದೇನೇನು? ಕೂಡಿ ನೋಡೂಣು ಅಂದವರು ಕೀಲಿ ಜೋಡಿ ಕೂಡಿದ್ರು.”

ಗೋಕರ್ಣದಲ್ಲಿ ಫಕೀರಪ್ಪನವರು ಅವಸರ ಮಾಡಿದರು. ಬಾಗಿಲೆಳೆದು, ನನ್ನನ್ನು ಬಿಗಿದು ಹೊರಟೇಬಿಟ್ಟರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು ಎದ್ದಿತು.

“ಅಪ್ಪಾ! ನಾ ಬಚ್ಚಲದಾಗದೀನಿ!”

ದಾನಮ್ಮ ಬಾಗಿಲು ಬಡಿದಷ್ಟೂ ನಾನು ಕರ್ತವ್ಯನಿಷ್ಠೆಯಿಂದ ಬಿಗಿದುಕೊಂಡೆ. ಅರ್ಧ ದಾರಿಯಲ್ಲಿ ಮಗಳ ನೆನಪಾಗಿ ಓಡಿಬಂದ ಫಕೀರಪ್ಪನವರು, ತೆರೆಯುವ ಮೊದಲು ನನ್ನನ್ನು ಮೂರು ಸಲ ಜಗ್ಗಿದರು.

“ಗಟ್ಟಿ ಐತಿ,” ಎಂದರು.

“ಚಲೋ ಆತು ಬಿಡಪ್ಪಾ. ನನ್ನ ಯಾರೂ ಕದ್ದೊಯ್ಯಂಗಿಲ್ಲ!”

ಆ ದಿನದ ಸೂರ್ಯನೂ ಹೋದ.

ಉಳಿದದ್ದು ಇಲ್ಲಿನ ಒಂದೇ ಸಂಜೆ. ಶಿವಲೀಲಾ ಮಂಚ ಬಿಟ್ಟು ಏಳಲಿಲ್ಲ.

“ನಾ ಒಲ್ಲೆ. ಗದಗಿನಾಗೂ ಸೂರ್ಯ ಮುಳುಗ್ತಾನ. ನಾಳೆ ಮುಂಜಾನೆ ಬಸ್ ಐತಿ, ಅಲ್ಲೀತನಕ ನೀವು ಕೀಲಿ ಕಾಯಕೋಂತ ಕೂಡ್ರಿ.”

ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಫಕೀರಪ್ಪನವರನ್ನು ಕಂಗೆಡಿಸಿತು. ಗೋಡೆಯ ಮೇಲೆ ಗೇಣುದ್ದ ಬಿಸಿಲು ಉಳಿದಿತ್ತು. ಅವರು ಅದನ್ನು ನೋಡಿದರು, ಅಂಗೈಯಲ್ಲಿದ್ದ ನನ್ನನ್ನು ನೋಡಿದರು. ಆಮೇಲೆ, ನಿದ್ದೆಹೋದ ಮಗುವನ್ನು ಇಳಿಸುವಂತೆ, ಈ ಕಟ್ಟೆಯ ಮೇಲೆ ನನ್ನನ್ನಿಟ್ಟರು.

“ಏಳು. ಕೀಲಿ ಬ್ಯಾಡ.”

“ಚಟ್ನಿ ಯಾರರ ಒಯ್ದರ?” ದಾನಮ್ಮ ಕೆಣಕಿದಳು.

“ಒಯ್ದು ಉಣ್ಣಲಿ.”

ಮೂವರೂ ಹೊರಟರು. ನಾನು ಎಣಿಸಿದೆ: ಒಂದು, ಎರಡು, ಮೂರು, ನಾಲ್ಕು. ಹೆಜ್ಜೆಗಳು ಮರಳಿದವು! ಬಾಗಿಲು ತೆರೆಯಿತು. ನನ್ನ ಹಿತ್ತಾಳೆಯ ಎದೆ ಉಬ್ಬಿತು. ಅವರ ಕೈ ನೇರ ನನ್ನ ಕಡೆಗೇ ಬಂದು, ಪಕ್ಕದಲ್ಲಿದ್ದ ಶಿವಲೀಲಾ ಅವರ ಕನ್ನಡಕವನ್ನು ಎತ್ತಿಕೊಂಡಿತು.

ಕಾಯುವುದೆಂದರೆ ಮುಚ್ಚಿಕೊಂಡಿರುವುದೆಂದೇ ನಾನು ಅಲ್ಲಿಯವರೆಗೆ ತಿಳಿದಿದ್ದೆ.

“ಲಗೂ ಬರ್ರೀ!” ಎಂದು ಕೆಳಗಿನಿಂದ ಕೂಗು ಬಂತು.

“ಬಂದ್ನಿ, ಬಂದ್ನಿ!”

ಅವರ ಬೆನ್ನ ಹಿಂದೆ ಬಾಗಿಲು ಮುಚ್ಚಿತು. ಯಾರೂ ಜಗ್ಗಿ ನೋಡಲಿಲ್ಲ.