ಚೀಟಿಯಲ್ಲಿದ್ದದ್ದು ಆಂಕಲ್

ಎಕ್ಸ್-ರೇ ರೂಮಿನಲ್ಲಿ ಇಪ್ಪತ್ತಾರು ವರ್ಷ ಕಳೆದವಳಿಗೆ ಮನುಷ್ಯರ ಮೇಲೆ ಇನ್ನೂ ಗೌರವ ಉಳಿದಿರುತ್ತದೆ ಅಂದುಕೊಂಡವರು ಒಂದು ದಿನ ಬಂದು ನನ್ನ ಸ್ಟೂಲಿನ ಮೇಲೆ ಕೂರಬೇಕು. ಕಾಲು ತೋರಿಸಿ ಅಂದರೆ ಜನ ಮೊದಲು ಕಥೆ ಬಿಚ್ಚುತ್ತಾರೆ, ಸಾಕ್ಸ್ ಬಿಚ್ಚುವುದು ಆಮೇಲೆ. ಮೆಟ್ಟಿಲ ಮೇಲೆ ಜಾರಿದವರು ಯಾರೂ ತಾವಾಗಿ ಜಾರಿರುವುದಿಲ್ಲ. ಮೆಟ್ಟಿಲೇ ಬಂದು ಅವರಿಗೆ ಡಿಕ್ಕಿ ಹೊಡೆದಿರುತ್ತದೆ.

ನಮ್ಮ ಮೂಳೆ ಡಾಕ್ಟರಂತೂ ದೊಡ್ಡ ಮನುಷ್ಯರು. ರೋಗಿಯ ಪಾದ ಮುಟ್ಟಿದರೆ ಎಲ್ಲಿ ತಮ್ಮ ಕೈ ಸವೆದುಹೋಗುತ್ತದೋ ಎಂದು ಮೇಜಿನ ಆಚೆಯಿಂದಲೇ ಒಂದು ನೋಟ ನೋಡಿ ಚೀಟಿ ಬರೆದುಬಿಡುತ್ತಾರೆ. ಎಲ್ಲರಿಗೂ ಒಂದೇ ಮಂತ್ರ: ಆಂಕಲ್, ಎರಡು ವ್ಯೂ. ಅಂದರೆ ಕಾಲು ಪಾದಕ್ಕೆ ಸೇರುವ ಗಂಟಿನ ಚಿತ್ರ, ಎದುರಿನಿಂದ ಒಂದು, ಪಕ್ಕದಿಂದ ಒಂದು. ಹೆಬ್ಬೆರಳ ಮೇಲೆ ಸಿಲಿಂಡರ್ ಬೀಳಿಸಿಕೊಂಡವನಿಗೂ ಆಂಕಲ್, ಹಿಮ್ಮಡಿ ಊರಲಾಗದೆ ಬಂದವಳಿಗೂ ಆಂಕಲ್. ನಾನೇನು ಕಮ್ಮಿಯೇ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಪೈಕಿ. ಚೀಟಿಯಲ್ಲಿ ಬರೆದದ್ದಕ್ಕಿಂತ ಒಂದಂಗುಲ ಆಚೀಚೆ ತೆಗೆದವಳಲ್ಲ. ಹೋದ ವರ್ಷ ಎಡಗೈ ಬದಲು ಬಲಗೈ ಚಿತ್ರ ತೆಗೆದ ಜೊತೆ ಕೆಲಸದವನನ್ನು ಒಂದೇ ದೂರಿಗೆ ಮನೆಗೆ ಕಳುಹಿಸಿದ ಮೇಲೆ ಚೀಟಿಯೇ ನನಗೆ ದೇವರಾಗಿತ್ತು.

ಆ ಸೋಮವಾರ ಊಟಕ್ಕೆ ಇನ್ನು ಹತ್ತು ನಿಮಿಷ ಇರುವಾಗ ಗಾಲಿಕುರ್ಚಿಯಲ್ಲಿ ಕೂತು ಬಂದವನು ನನ್ನ ತಮ್ಮ. ಸಿಟಿ ಬಸ್ಸಿನ ಡ್ರೈವರ್. ಅವನ ಪ್ರತಿಭೆ ಡ್ರೈವಿಂಗಿನಲ್ಲಿರಲಿಲ್ಲ, ರಜೆ ಹಾಕುವುದರಲ್ಲಿತ್ತು. ಬೆನ್ನುನೋವು, ತಲೆಸುತ್ತು, ಹೊಟ್ಟೆ ಕೆಟ್ಟದ್ದು, ಎಂದೋ ತೀರಿಕೊಂಡ ಸೋದರಮಾವ ಮತ್ತೊಮ್ಮೆ ತೀರಿಕೊಂಡದ್ದು, ಎಲ್ಲವನ್ನೂ ಡಿಪೋ ಮ್ಯಾನೇಜರು ಕೇಳಿಯಾಗಿತ್ತು. ಹಿಂದಿನ ತಿಂಗಳು ಎಚ್ಚರಿಕೆ ಪತ್ರ ಬಂದಿತ್ತು: ಇನ್ನೊಂದು ಸುಳ್ಳು ರಜೆ ಸಿಕ್ಕಿಬಿದ್ದರೆ ಕೆಲಸದಿಂದ ಔಟ್. ಈಗ ನೋಡಿದರೆ ಡ್ಯೂಟಿಯಲ್ಲೇ, ಬಸ್ಸಿನಿಂದ ಇಳಿಯುವಾಗ, ಎಡಪಾದ ಮೆಟ್ಟಿಲ ಸಂದಿಗೆ ಸಿಕ್ಕಿ ತಿರುಚಿತಂತೆ.

ಮಂಚದ ಮೇಲೆ ಮಲಗಿಸಿ, ಗಂಟಿನ ಕೆಳಗೆ ಪ್ಲೇಟ್ ಇಟ್ಟೆ.

"ಅಕ್ಕ, ಅಲ್ಲಲ್ಲ. ನೋವಿರೋದು ಇಲ್ಲಿ," ಎಂದು ಪಾದದ ಮೇಲೆ, ಚಪ್ಪಲಿಯ ಪಟ್ಟಿ ಬರುವ ಜಾಗವನ್ನು ಬೆರಳಿಟ್ಟು ತೋರಿಸಿದ.

"ಚೀಟೀಲಿ ಆಂಕಲ್ ಅಂತಿದೆ."

"ಚೀಟೀಲಿರೋದು ಅವರ ಕೈಬರಹ. ನೋವು ನಂದು."

"ಬಾಯಿ ಮುಚ್ಕೊಂಡು ಅಲ್ಲಾಡ್ದೆ ಮಲ್ಕೋ. ಹೊರಗೆ ಹನ್ನೊಂದು ಜನ ಕಾಯ್ತಿದಾರೆ."

ಎರಡು ಚಿತ್ರ ಮುಗಿದ ಮೇಲೆ ಅವನು ಏಳಲಿಲ್ಲ. ಅದೇ ಜಾಗದ ಮೇಲೆ ಮತ್ತೆ ಬೆರಳಿಟ್ಟು, "ಇಲ್ಲೊಂದು ತೆಗೆದ್ಬಿಡಕ್ಕ. ನಿನ್ನ ಮೆಷಿನ್ನೇನು ಸವೆದೋಗತ್ತಾ?" ಎಂದ.

"ರಜೆ ಬೇಕಿದ್ರೆ ಡಿಪೋದಲ್ಲಿ ಕೇಳು, ನನ್ನತ್ರ ನಾಟಕ ಬೇಡ," ಎಂದೆ. ಒಳ್ಳೆಯ ಮಾತಾಡಿದೆ ಎಂದು ಒಳಗೊಳಗೇ ಬೀಗಿದೆ ಕೂಡ.

ಗಂಟಿನ ಮೂಳೆಗಳು ಚಿತ್ರದಲ್ಲಿ ಚೆನ್ನಾಗಿಯೇ ಇದ್ದವು, ಪೆಟ್ಟು ಬೀಳದ ಜಾಗ ಚೆನ್ನಾಗಿರದೆ ಇನ್ನೇನು. ಡಾಕ್ಟರು 'ಉಳುಕು' ಎಂದು ಬರೆದು, ಕ್ರೇಪ್ ಬ್ಯಾಂಡೇಜ್ ಸುತ್ತಿಸಿ, ಒಂದು ವಾರ ವಿಶ್ರಾಂತಿ ಕೊಟ್ಟರು. ಮುಂದಿನ ಸೋಮವಾರ ಮಧ್ಯಾಹ್ನದ ಪಾಳಿಗೆ ಹಾಜರಾಗಬೇಕು, ಇಲ್ಲದಿದ್ದರೆ ಪತ್ರದಲ್ಲಿ ಬರೆದದ್ದು ನೆನಪಿರಲಿ ಎಂದು ಡಿಪೋದಿಂದ ಫೋನ್ ಬಂತು.

ಆ ವಾರ ಮನೆಯಲ್ಲಿ ನನ್ನ ನಾಲಿಗೆಗೆ ಹಬ್ಬ. ಅವನು ಗೋಡೆ ಹಿಡಿದು ಬಚ್ಚಲಿಗೆ ಹೋದರೆ, "ಕುಂಟನಿಗೆ ಎಂಟು ಚೇಷ್ಟೆ ಅಂತ ಸುಮ್ನೆ ಹೇಳ್ತಾರಾ," ಅನ್ನುತ್ತಿದ್ದೆ. ರಾತ್ರಿ ನರಳಿದರೆ, ಡಿಪೋ ಮ್ಯಾನೇಜರಿಗೆ ಇಲ್ಲಿಂದ ಕೇಳಿಸುವುದಿಲ್ಲ ಎಂದು ನೆನಪಿಸುತ್ತಿದ್ದೆ. ನಿನ್ನ ಕೆಲಸ ಹೋದರೆ ಈ ಬೀದಿಯಲ್ಲಿ ಯಾರಿಗೂ ಆಶ್ಚರ್ಯ ಆಗುವುದಿಲ್ಲ ಎಂದೂ ಅಂದೆ, ಒಂದು ಸಲವಲ್ಲ. ಅಮ್ಮ ಮಾತ್ರ ಅವನ ತಟ್ಟೆಯನ್ನು ಮಂಚಕ್ಕೇ ಒಯ್ಯುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾನು ಅದಕ್ಕೂ ನಕ್ಕೆ.

ಭಾನುವಾರ ಬೆಳಿಗ್ಗೆ ಅಮ್ಮ ಬ್ಯಾಂಡೇಜ್ ಬಿಚ್ಚಿ, ಬೋಗುಣಿಯಲ್ಲಿ ನೀರು ತಂದು ಅವನ ಪಾದ ತೊಳೆಯುತ್ತಿದ್ದಳು.

"ಇಲ್ಲಿ ಬಾರೇ," ಎಂದಳು. "ಎಕ್ಸ್-ರೇ ಓದಿದೋಳು ನೀನು, ಹೇಳು. ಅಂಗಾಲಲ್ಲಿ ಯಾರಿಗಾದ್ರೂ ನೀಲಿಗಟ್ಟತ್ತಾ?"

ಬಗ್ಗಿ ನೋಡಿದೆ. ಅಂಗಾಲಿನ ನಟ್ಟನಡುವೆ ರಕ್ತ ಹೆಪ್ಪುಗಟ್ಟಿದ ಕಲೆ, ಅಂಚಿನಲ್ಲಿ ಹಳದಿಗೆ ತಿರುಗಿತ್ತು. ಎಂಟು ವರ್ಷದ ಹಿಂದೆ ಒಂದು ತರಬೇತಿಗೆ ಕಳುಹಿಸಿದ್ದರು. ಅಲ್ಲಿನ ಊಟ ಬಿಟ್ಟರೆ ನನಗೆ ನೆನಪಿದ್ದದ್ದು ಒಂದೇ ಪಾಠ. ಅಂಗಾಲಿನ ನಡುವೆ ನೀಲಿಗಟ್ಟಿದರೆ ಪಾದದ ಕಮಾನು ಹಿಡಿದಿರುವ ಮೂಳೆಗಳು ಜರುಗಿವೆ ಎಂದು ಅನುಮಾನಿಸಬೇಕು. ಮಲಗಿಸಿ ತೆಗೆದರೆ ಅವು ಒಳ್ಳೆಯ ಮಕ್ಕಳಂತೆ ಸ್ವಸ್ಥಾನದಲ್ಲಿ ಕೂತಿರುತ್ತವೆ. ಎರಡೂ ಕಾಲ ಮೇಲೆ ಭಾರ ಹಾಕಿ ನಿಲ್ಲಿಸಿ, ಒಳ್ಳೆಯ ಪಾದದ ಪಕ್ಕದಲ್ಲಿಟ್ಟು ನೋಡಿದಾಗಲೇ ಬಣ್ಣ ಬಯಲಾಗುವುದು. ನಾನು ಮಲಗಿಸಿದ್ದೂ ಅಲ್ಲದೆ ಆ ಜಾಗವನ್ನೇ ತೆಗೆದಿರಲಿಲ್ಲ.

"ಏನಾಯ್ತು, ಮಾತೇ ನಿಂತೋಯ್ತು?" ಎಂದ ತಮ್ಮ.

ಸೋಮವಾರ ಎಂಟು ಗಂಟೆಗೆ ಮುಂಚೆಯೇ ಅವನನ್ನು ಕರೆದುಕೊಂಡು ಹೋಗಿ ರೂಮಿನ ಬಾಗಿಲು ಹಾಕಿದೆ. ಚೀಟಿ ಇರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಪ್ಲೇಟನ್ನು ನೆಲದ ಮೇಲಿಟ್ಟು ಎರಡೂ ಪಾದ ಊರಿ ನಿಲ್ಲು ಎಂದೆ. ಎಡಗಾಲಿಗೆ ಭಾರ ಬಿಡುತ್ತಿದ್ದಂತೆ ಅವನ ಕಣ್ಣಲ್ಲಿ ನೀರು ಬಂತು, ಬಾಯಿಂದ ಒಂದು ಮಾತೂ ಬರಲಿಲ್ಲ. ನಾಟಕದವರು ಹಾಗೆ ಸುಮ್ಮನಿರುವುದಿಲ್ಲ.

ತೆರೆಯ ಮೇಲೆ ಬಲಪಾದದಲ್ಲಿ ಹೆಬ್ಬೆರಳಿನ ಉದ್ದ ಮೂಳೆ, ಅದರ ಪಕ್ಕದ ಬೆರಳಿನದು, ಎರಡೂ ಬುಡದಲ್ಲಿ ಒತ್ತಾಗಿ ನಿಂತಿದ್ದವು. ಎಡಪಾದದಲ್ಲಿ ಮುನಿಸಿಕೊಂಡ ಓರಗಿತ್ತಿಯರಂತೆ ದೂರ ಸರಿದಿದ್ದವು. ನಡುವಿನ ಸಂದು ಕನ್ನಡಕ ಹಾಕದೆಯೂ ಕಾಣುತ್ತಿತ್ತು.

ಅವನನ್ನು ಕುರ್ಚಿಯಲ್ಲಿ ತಳ್ಳಿಕೊಂಡೇ ಡಾಕ್ಟರ ಕೋಣೆಗೆ ಹೋದೆ. ಅವರು ಮೊದಲು ಕೇಳಿದ್ದು, "ಇದಕ್ಕೆ ಚೀಟಿ ಬರೆದೋರು ಯಾರು?"

"ಯಾರೂ ಇಲ್ಲ ಸಾರ್. ನೋಡಿ."

ನೋಡಿದರು. ದಡ್ಡರೇನಲ್ಲ, ನೋಡುವ ಅಭ್ಯಾಸ ತಪ್ಪಿತ್ತು, ಅಷ್ಟೇ. ಎದ್ದು ಬಂದು, ತಮ್ಮನ ಎದುರು ಕುಕ್ಕರುಗಾಲಲ್ಲಿ ಕೂತು, ಪಾದವನ್ನು ಕೈಯಲ್ಲಿ ಹಿಡಿದು, ನಡುವೆ ಒತ್ತಿದರು. ನನ್ನ ತಮ್ಮ ಹಲ್ಲು ಕಚ್ಚಿ ಕುರ್ಚಿಯ ಹಿಡಿ ಹಿಡಿದ.

"ಈ ವಾರವೇ ಆಪರೇಷನ್ ಆಗ್ಬೇಕು," ಎಂದರು. "ಇದೇ ಕಾಲಲ್ಲಿ ಕ್ಲಚ್ ಒತ್ಕೊಂಡಿದ್ರೆ ಪಾದದ ಕಮಾನು ಕುಸಿದು ಜೀವಮಾನವಿಡೀ ಕುಂಟಬೇಕಿತ್ತು."

ಅಷ್ಟಕ್ಕೇ ನಿಲ್ಲಿಸಿದ್ದರೆ ಅವರ ಮೇಲೆ ನನಗೂ ಸ್ವಲ್ಪ ಗೌರವ ಹುಟ್ಟುತ್ತಿತ್ತೇನೋ. ಆದರೆ ಅವರು ಮೇಜಿಗೆ ಹಿಂತಿರುಗಿ, ಪೆನ್ನು ತೆಗೆದು, ಗಂಟಲು ಸರಿಮಾಡಿಕೊಂಡರು.

"ಮೊದಲ್ನೇ ಎಕ್ಸ್-ರೇ ನಾರ್ಮಲ್ ಇತ್ತು. ಅಂದ್ರೆ ಇದು ಆಮೇಲೆ, ಮನೇಲಿ ಆಗಿರೋದು. ಹಾಗಂತ ಬರೀಲಾ?"

ಹಾಗೆ ಬರೆದರೆ ಪೆಟ್ಟು ಡ್ಯೂಟಿಯಲ್ಲಿ ಆದದ್ದಲ್ಲ. ಡಿಪೋದವರ ಲೆಕ್ಕಕ್ಕೆ ಕಳೆದ ವಾರದ ರಜೆ ಸುಳ್ಳು, ಮುಂದಿನ ತಿಂಗಳುಗಳ ರಜೆಯೂ ಸುಳ್ಳು, ತಮ್ಮನ ಕೆಲಸ ಅಲ್ಲಿಗೆ ಮುಗಿಯಿತು. ಡಾಕ್ಟರಿಗೂ ಅದು ಗೊತ್ತಿತ್ತು, ಡಿಪೋಗೆ ರಜೆ ಬರೆದುಕೊಟ್ಟವರು ಅವರೇ. ಅವರು ಅವನ ಕಡೆ ತಿರುಗಿದರು.

"ನೋವು ಇಲ್ಲೇ ಅಂತ ಆವತ್ತು ಎಕ್ಸ್-ರೇ ರೂಮಲ್ಲಿ ಹೇಳಿದ್ರಾ? ಹೇಳಿದ್ರೆ ಹೇಳಿ. ಆದ್ರೆ ಆಗ ತೆಗೆದೋರ ಮೇಲೆ ವಿಚಾರಣೆ ಆಗತ್ತೆ."

ತಮ್ಮ ನನ್ನನ್ನೊಮ್ಮೆ ನೋಡಿದ.

"ಇಲ್ಲ ಸಾರ್," ಎಂದ. "ಆವತ್ತು ಅಲ್ಲಿ ನೋವೇ ಇರ್ಲಿಲ್ಲ. ಮನೇಲಿ ಬಚ್ಚಲ ಹತ್ರ ಎಡವಿದೆ."

ಅವನು ಎಷ್ಟು ಸಲೀಸಾಗಿ ಹೇಳಿದನೆಂದರೆ, ಒಂದು ಗಳಿಗೆ ಅದು ನಿಜವಾಗಲಿ ಎಂದು ನನ್ನ ಹಾಳು ಮನಸ್ಸು ಬಯಸಿತು. ಸುಮ್ಮನಿದ್ದರೆ ಸಾಕಿತ್ತು. ನನ್ನ ಸ್ಟೂಲು, ನನ್ನ ಇಪ್ಪತ್ತಾರು ವರ್ಷ, ಎಲ್ಲ ಇದ್ದಲ್ಲೇ ಇರುತ್ತಿದ್ದವು.

"ಸುಳ್ಳು ಹೇಳ್ತಿದಾನೆ ಸಾರ್," ಎಂದೆ. "ಶಾಲೆಗೆ ಹೋಗ್ತಿದ್ದಾಗಿಂದ ಹೇಳ್ತಾನೇ ಬಂದಿದಾನೆ, ಬಿಟ್ಟಿಲ್ಲ. ಆವತ್ತು ಎರಡು ಸಲ ಬೆರಳಿಟ್ಟು ತೋರಿಸಿದ. ಬಾಯಿ ಮುಚ್ಕೋ ಅಂದೋಳು ನಾನು. ಅದನ್ನ ಬರೀರಿ. ಚೀಟೀಲಿ ಆಂಕಲ್ ಅಂತ ಬರೆದೋರು ಯಾರು ಅನ್ನೋದನ್ನೂ ಬರೀರಿ. ನಿಮಗೆ ಕೈ ನೋವಾದ್ರೆ ನಾನೇ ಬರೀತೀನಿ."

ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ ಒಂದು ಹಾಳೆ ನನ್ನ ಕಡೆ ದೂಡಿದರು. ನಾನು ನಿಂತೇ ಬರೆದೆ, ತಾರೀಕು ಹಾಕಿದೆ, ಸಹಿ ಹಾಕಿದೆ. ಸ್ವಲ್ಪ ಹೊತ್ತು ಬಿಟ್ಟು ಅವರೂ ಅದರ ಕೆಳಗೆ ಎರಡು ಸಾಲು ಬರೆದು ಸಹಿ ಹಾಕಿದರು. ಏನು ಬರೆದರೆಂದು ಅವರ ಕೈಬರಹದಲ್ಲಿ ನನಗೆ ಗೊತ್ತಾಗಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಕುರ್ಚಿ ನಿಲ್ಲಿಸಿ ಅವನ ಎದುರಿಗೆ ಬಂದೆ.

"ಯಾಕೋ ಹಾಗಂದೆ? ಕೆಲಸ ಹೋಗತ್ತೆ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು," ಎಂದ. ಅವನ ದನಿಯಲ್ಲಿ ಕೊಂಕು ಹುಡುಕಿದೆ, ಇರಲಿಲ್ಲ. "ನಂದು ಹೋದ್ರೆ ಯಾರಿಗೂ ಆಶ್ಚರ್ಯ ಆಗಲ್ಲ ಅಲ್ವಾ ಅಕ್ಕ."

ನನಗೆ ಅಳು ಬಂತು, ಓಡಾಡುವ ಜನರ ಎದುರಿಗೇ ಅತ್ತೆ. ಅವನು ನನ್ನ ಕೈ ಹಿಡಿದುಕೊಂಡು ಕೂತ. ಆಮೇಲೆ ನಾನು ಮುಖ ಒರೆಸಿಕೊಂಡು, ಅವನ ಎಡಗಾಲನ್ನು ಎತ್ತಿ ಕುರ್ಚಿಯ ಹಲಗೆಯ ಮೇಲೆ ಮೆಲ್ಲಗೆ ಇಟ್ಟು, ವಾರ್ಡಿನ ಕಡೆಗೆ ತಳ್ಳಿಕೊಂಡು ಹೋದೆ.